‘ವೇರ್ ಆ್ಯಸ್ ಅಂದ್ರೆ ಏನು ಮೇಡಂ?’: ಒಂದು ಪ್ರಕರಣ ಅಧ್ಯಯನ

ನಾನು ಬಯಲುಸೀಮೆಯ ಒಂದು ತಾಲ್ಲೂಕು ಕೇಂದ್ರದ ಸರ್ಕಾರಿ ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಇದು ನಮ್ಮಲ್ಲಿ ಬಿ.ಎಸ್ಸಿ. ಓದಿದ ಒಬ್ಬ ವಿದ್ಯಾರ್ಥಿನಿಯ ಪ್ರಕರಣ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಊರು, ಕಾಲೇಜು, ಇಸವಿ ಹೇಳುವುದಿಲ್ಲ. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಇಲ್ಲಿ ಅವಳು ಸುಮ್ನೆ ‘ಹುಡುಗಿ’.

ಇಂಗ್ಲಿಷ್ ಬರದ ಮಕ್ಕಳ ಬಗ್ಗೆ ನಮ್ಮಲ್ಲಿ ಬರಹಗಳಿಗೇನೂ ಕೊರತೆ ಇಲ್ಲ. ಇವಳ ವಿಷಯ ಬರೆಯಲು ಕಾರಣ ಬೇರೆ. ಇವಳಿಗೆ ಇಂಗ್ಲಿಷ್ ಪೇಪರಿನಲ್ಲಿ ಒಳ್ಳೆಯ ಅಂಕ ಬರುತ್ತಿತ್ತು. ಫೇಲಾಗುತ್ತಿದ್ದದ್ದು ಕೆಮಿಸ್ಟ್ರಿಯಲ್ಲಿ. ರೋಗ ಮಾತ್ರ ಇಂಗ್ಲಿಷಿನಲ್ಲೇ ಇತ್ತು. ಅದನ್ನು ಪತ್ತೆ ಹಚ್ಚಲು ನನಗೆ ಒಂದೂವರೆ ವರ್ಷ ಹಿಡಿಯಿತು.

ಎಲ್ಲಿಂದ ಬಂದಳು

ಅಪ್ಪನಿಗೆ ಮಳೆ ನಂಬಿದ ಎರಡು ಎಕರೆ. ಶೇಂಗಾ, ರಾಗಿ. ಅಮ್ಮ ಕೂಲಿ ಕೆಲಸಕ್ಕೂ ಹೋಗುತ್ತಾರೆ. ಹುಡುಗಿ ಹತ್ತನೇ ತರಗತಿವರೆಗೆ ಊರಿನ ಮತ್ತು ಪಕ್ಕದೂರಿನ ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿದವಳು. ಕರ್ನಾಟಕದ ಸರ್ಕಾರಿ ಕನ್ನಡ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಗೇ ಇಂಗ್ಲಿಷ್ ಪುಸ್ತಕ ಬಂದಿದೆ. ಹಾಗಾಗಿ ನನ್ನ ಕ್ಲಾಸಿಗೆ ಬಂದು ಕೂರುವ ಹೊತ್ತಿಗೆ ಇವಳು 12 ವರ್ಷ ಇಂಗ್ಲಿಷ್ ಓದಿ ಆಗಿತ್ತು.

ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಕನ್ನಡ 125 ಅಂಕಕ್ಕೆ ಪ್ರಥಮ ಭಾಷೆ, ಇಂಗ್ಲಿಷ್ 100ಕ್ಕೆ ದ್ವಿತೀಯ ಭಾಷೆ. ಅದು ಕಾಗದದ ಮಾತು. ಅವಳ ಊರಿನಲ್ಲಿ ಇಂಗ್ಲಿಷ್ ಇದ್ದದ್ದು ಗೊಬ್ಬರದ ಚೀಲದ ಮೇಲೆ, ಸೋಪಿನ ಕವರಿನ ಮೇಲೆ, ಫೋನಿನೊಳಗೆ. ಯಾರ ಬಾಯಲ್ಲೂ ಇರಲಿಲ್ಲ. ಬೆಂಗಳೂರಿನ ಮಗುವಿಗೆ ಇಂಗ್ಲಿಷ್ ಎರಡನೇ ಭಾಷೆ ಇರಬಹುದು. ಇವಳಿಗೆ ಅದು ಜರ್ಮನ್, ಜಪಾನೀಸ್ ಇದ್ದಂತೆ, ಪಕ್ಕಾ ಪರದೇಶದ ಭಾಷೆ. ನಾವು ಪಾಠ ಮಾಡುವಾಗ ಈ ವ್ಯತ್ಯಾಸ ಮರೆತೇ ಬಿಡುತ್ತೇವೆ.

ಆದರೂ ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ಅವಳಿಗೆ 80ರ ಮೇಲೆ ಬಂದಿತ್ತು. ಪತ್ರ ಬೈಹಾರ್ಟ್, ಪ್ರಬಂಧ ಬೈಹಾರ್ಟ್, ಪದ್ಯದ ಎಂಟು ಸಾಲು ಬೈಹಾರ್ಟ್, ಗೈಡಿನ ಪ್ರಶ್ನೋತ್ತರ ಬೈಹಾರ್ಟ್. ಜ್ಞಾಪಕಶಕ್ತಿ ಅಂಥದ್ದು. ಮಗ್ಗಿ ಕಲಿತ ಹಾಗೆ ಕಲಿತಿದ್ದಳು.

ಪಿಯುಸಿಯಲ್ಲಿ ಸೈನ್ಸ್ ತಗೊಂಡಳು. ಕನ್ನಡದಲ್ಲಿ ವಿಜ್ಞಾನ ಓದಿದವರಿಗೆ ಮೊದಲ ಪೆಟ್ಟು ಬೀಳುವುದೇ ಅಲ್ಲಿ. ಆಮ್ಲ ಹೋಗಿ ಆಸಿಡ್ ಬಂತು, ಪ್ರತ್ಯಾಮ್ಲ ಹೋಗಿ ಬೇಸ್ ಬಂತು, ವೇಗೋತ್ಕರ್ಷ ಹೋಗಿ ಆಕ್ಸಲರೇಶನ್. ಉತ್ಕರ್ಷಣ ಅಪಕರ್ಷಣ ಅಂತ ಹತ್ತನೇ ತರಗತಿಯಲ್ಲಿ ಚೆನ್ನಾಗಿ ಕಲಿತದ್ದೇ ಆಕ್ಸಿಡೇಶನ್ ರಿಡಕ್ಷನ್ ಅಂತ ಇವಳಿಗೆ ಯಾರೂ ಹೇಳಲಿಲ್ಲ. ಎರಡು ಬೇರೆ ಬೇರೆ ಪಾಠ ಅಂದುಕೊಂಡು ಒಂದು ವರ್ಷ ಕಳೆದಿದ್ದಳು. ಅದನ್ನು ಆಮೇಲೆ ನಗುತ್ತಾ ಹೇಳಿದಳು. ನನಗೆ ನಗು ಬರಲಿಲ್ಲ.

ನನ್ನ ಬಳಿಗೆ ಬಂದದ್ದು

ಮೊದಲ ಸೆಮಿಸ್ಟರಿನಲ್ಲಿ ಫಿಜಿಕ್ಸ್, ಕೆಮಿಸ್ಟ್ರಿ ಎರಡೂ ಬ್ಯಾಕ್. ಇಂಗ್ಲಿಷಿನಲ್ಲಿ 71. ತೊಂಬತ್ತು ಜನರ ಕ್ಲಾಸಿನಲ್ಲಿ 71 ತೆಗೆದವಳ ಕಡೆ ಇಂಗ್ಲಿಷ್ ಟೀಚರ್ ತಿರುಗಿಯೂ ನೋಡುವುದಿಲ್ಲ. ನಾನೂ ನೋಡಲಿಲ್ಲ.

ಕೆಮಿಸ್ಟ್ರಿ ಮೇಷ್ಟ್ರು ಒಂದು ದಿನ ಸ್ಟಾಫ್ ರೂಮಿನಲ್ಲಿ ಅವಳ ಉತ್ತರ ಪತ್ರಿಕೆ ತಂದು ನನ್ನ ಮುಂದಿಟ್ಟರು. ‘ನೋಡಿ ಮೇಡಂ, ಕೈಬರಹ ಮುತ್ತಿನ ಹಾಗಿದೆ. ಒಂದು ಸ್ಪೆಲಿಂಗ್ ತಪ್ಪಿಲ್ಲ. ಆದರೆ ನಾನು ಕೇಳಿದ್ದಕ್ಕೂ ಇವಳು ಬರೆದದ್ದಕ್ಕೂ ಸಂಬಂಧ ಇಲ್ಲ.’ ಪ್ರಶ್ನೆಯಲ್ಲಿ ಒಂದು ನಿಯಮದ ಮಿತಿಗಳೇನು ಅಂತ ಕೇಳಿದ್ದರು. ಇವಳು ಆ ನಿಯಮವನ್ನೇ ಎರಡು ಪುಟ ಬರೆದಿದ್ದಳು. ಪ್ರಶ್ನೆಯಲ್ಲಿ ಗುರುತು ಹತ್ತಿದ್ದು ನಿಯಮದ ಹೆಸರು ಒಂದೇ. ಅದನ್ನು ಹಿಡಿದು, ತಲೆಯಲ್ಲಿದ್ದ ಉತ್ತರ ಪೂರ್ತಿ ಇಳಿಸಿದ್ದಳು.

‘ಇದು ನಿಮ್ಮ ಸಬ್ಜೆಕ್ಟಿನ ಸಮಸ್ಯೆ, ನನ್ನದಲ್ಲ’ ಅಂದರು. ನನಗೆ ಸ್ವಲ್ಪ ಸಿಟ್ಟು ಬಂತು. ಅವರು ಹೇಳಿದ್ದು ಸರಿ ಇತ್ತು.

ತಪ್ಪು ಮದ್ದುಗಳು

ಮೊದಲು ಮಾಡಿದ್ದು ನಾವೆಲ್ಲ ಮಾಡುವುದನ್ನೇ. ಶನಿವಾರ ರೆಮಿಡಿಯಲ್ ಕ್ಲಾಸ್. ಹನ್ನೆರಡು ಟೆನ್ಸುಗಳ ಚಾರ್ಟ್. ಹುಡುಗಿ ಎರಡೇ ವಾರದಲ್ಲಿ ಹನ್ನೆರಡನ್ನೂ ಒಪ್ಪಿಸಿದಳು. ಯಾವ ಕ್ರಿಯಾಪದ ಕೊಟ್ಟರೂ ‘ಹ್ಯಾಡ್ ಬೀನ್’ ಹಾಕಿ ಸರಿಯಾಗಿ ತಿರುಗಿಸುತ್ತಿದ್ದಳು. ನನಗೆ ಖುಷಿಯೋ ಖುಷಿ. ಆದರೆ ಅವಳ ಲ್ಯಾಬ್ ಮ್ಯಾನ್ಯುಯಲ್ ತೆಗೆದು ನೋಡಿದ್ದರೆ ಅಲ್ಲಿ ಹನ್ನೆರಡರಲ್ಲಿ ಎರಡೋ ಮೂರೋ ಮಾತ್ರ ಬಳಕೆಯಲ್ಲಿರುವುದು ನನಗೆ ತಿಳಿಯುತ್ತಿತ್ತು. ತೆಗೆದು ನೋಡಲಿಲ್ಲ.

ಎರಡನೆಯದು ಸ್ಪೋಕನ್ ಇಂಗ್ಲಿಷ್ ಕೋರ್ಸ್. ಪೇಟೆಯಲ್ಲಿ ಒಂದು ಖಾಸಗಿ ಕೇಂದ್ರ. ಮೂರು ತಿಂಗಳು. ಸೇರಿಕೋ ಅಂತ ಹೇಳಿದ್ದು ನಾನೇ. ಅವಳಪ್ಪ ಫೀಸು ಎಲ್ಲಿಂದ ತಂದರು ಅಂತ ಕೇಳುವ ಧೈರ್ಯ ನನಗೆ ಇವತ್ತಿಗೂ ಇಲ್ಲ. ಅಲ್ಲಿಂದ ಅವಳು ಕಲಿತು ಬಂದದ್ದು ತನ್ನನ್ನು ತಾನು ಪರಿಚಯಿಸಿಕೊಳ್ಳುವ ಎರಡು ನಿಮಿಷದ ಮಾತು. ಅದೂ ಬೈಹಾರ್ಟ್. ‘ಮೈ ಸ್ಟ್ರೆಂತ್ ಈಸ್ ಹಾರ್ಡ್ ವರ್ಕ್, ಮೈ ವೀಕ್‌ನೆಸ್ ಈಸ್ ಐ ಟ್ರಸ್ಟ್ ಪೀಪಲ್ ಈಸಿಲಿ.’ ಆ ಬ್ಯಾಚಿನ ಅಷ್ಟೂ ಮಕ್ಕಳ ವೀಕ್‌ನೆಸ್ ಅದೇ ಒಂದು!

ಮೂರನೆಯದು ಫೋನು. ಇದು ಅವಳದೇ ಉಪಾಯ. ಪುಸ್ತಕದ ಪುಟದ ಫೋಟೋ ತೆಗೆದು ಕನ್ನಡಕ್ಕೆ ತಿರುಗಿಸಿಕೊಳ್ಳುತ್ತಿದ್ದಳು. ಒಳ್ಳೆಯದೇ ಅಲ್ವಾ ಅನಿಸಿತು. ಒಂದು ದಿನ ನೋಡಿದರೆ ‘ಸೊಲ್ಯೂಷನ್’ ಅನ್ನುವುದನ್ನು ಫೋನು ‘ಪರಿಹಾರ’ ಮಾಡಿಟ್ಟಿತ್ತು. ‘ಪರಿಹಾರವನ್ನು ಕುದಿಸಿ.’ ‘ಬೇಸ್’ ಅನ್ನುವುದು ‘ಆಧಾರ’ ಆಗಿತ್ತು. ಹತ್ತನೇ ತರಗತಿಯಲ್ಲಿ ದ್ರಾವಣ, ಪ್ರತ್ಯಾಮ್ಲ ಎರಡನ್ನೂ ಕಲಿತ ಹುಡುಗಿ ಈ ಹೊಸ ಕನ್ನಡ ನೋಡಿ, ತನಗೆ ಕನ್ನಡವೂ ಬರುವುದಿಲ್ಲ ಅಂದುಕೊಂಡಳು. ಈ ಮಾತು ಸುಮ್ನೆ ಹೇಳುತ್ತಿಲ್ಲ, ಅವಳು ಹೇಳಿದ ಮಾತೇ ಅದು.

ನಾನು ಮಾಡಿದ ದೊಡ್ಡ ತಪ್ಪು

ಮೂರನೇ ಸೆಮಿಸ್ಟರಿನಲ್ಲಿ ಪ್ರತಿಯೊಬ್ಬರೂ ಹತ್ತು ನಿಮಿಷ ಸೆಮಿನಾರ್ ಕೊಡಬೇಕಿತ್ತು. ನಾನೂ ಹೋಗಿ ಕೂತಿದ್ದೆ. ಹುಡುಗಿ ಎದ್ದು ನಿಂತಳು. ಮೊದಲ ನಾಲ್ಕು ವಾಕ್ಯ ಪುಸ್ತಕದ್ದು, ನೀಟಾಗಿ ಬಂತು. ಐದನೆಯದು ಅವಳ ಸ್ವಂತದ್ದು. ನಾನು ಅವಳ ಬಾಯಲ್ಲಿ ಕೇಳಿದ ಮೊದಲ ಸ್ವಂತ ಇಂಗ್ಲಿಷ್ ವಾಕ್ಯ ಅದೇ. ‘ದಿಸ್ ರಿಯಾಕ್ಷನ್ ಈಸ್ ಟೇಕ್ಸ್ ಪ್ಲೇಸ್ ಇನ್…’

ನಾನು ಬಾಯಿ ಮುಚ್ಚಿಕೊಂಡು ಇರಬೇಕಿತ್ತು. ಅಭ್ಯಾಸ ಬಲ. ‘ಈಸ್ ಟೇಕ್ಸ್ ಅಲ್ಲಮ್ಮಾ, ಟೇಕ್ಸ್ ಪ್ಲೇಸ್’ ಅಂದುಬಿಟ್ಟೆ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವಳು ‘ಸಾರಿ ಮೇಡಂ’ ಅಂದು ಮತ್ತೆ ಮೊದಲ ವಾಕ್ಯದಿಂದ ಶುರು ಮಾಡಿದಳು. ನಾಲ್ಕು ವಾಕ್ಯ ಆಯಿತು. ಐದನೆಯ ಹತ್ತಿರ ಬಂದು ನಿಂತಳು. ಕೂತುಬಿಟ್ಟಳು.

ಒಂಬತ್ತು ದಿನ ಕಾಲೇಜಿಗೆ ಬರಲಿಲ್ಲ. ಜ್ವರ ಅಂತ ಗೆಳತಿಯರು ಹೇಳಿದರು. ನಾನೂ ನಂಬಿದೆ, ನಂಬುವುದು ನನಗೇ ಅನುಕೂಲವಾಗಿತ್ತು.

ಆ ‘ಈಸ್’ ಎಲ್ಲಿಂದ ಬರುತ್ತದೆ ಅಂತ ಆಮೇಲೆ ಯೋಚಿಸಿದ್ದೇನೆ. ನಮ್ಮ ಮಕ್ಕಳಿಗೆ ಇಂಗ್ಲಿಷ್ ವಾಕ್ಯ ಕಲಿಸುವುದೇ ‘ದಿಸ್ ಈಸ್, ದಟ್ ಈಸ್’ ಇಂದ. ಒಂದನೇ ತರಗತಿಯಿಂದ ಅದೇ ಕಿವಿಯಲ್ಲಿ. ಹಾಗಾಗಿ ಕರ್ತೃ ಆದ ತಕ್ಷಣ ‘ಈಸ್’ ತಾನಾಗಿ ಬಂದು ಕೂರುತ್ತದೆ. ನಿಜವಾದ ಕ್ರಿಯಾಪದ ಆಮೇಲೆ ನಿಧಾನಕ್ಕೆ ಬರುತ್ತದೆ. ಅದು ದಡ್ಡತನದ ತಪ್ಪಲ್ಲ. ಸ್ವಂತ ವಾಕ್ಯ ಕಟ್ಟಲು ಹೊರಟಿದ್ದಾಳೆ ಅನ್ನುವುದಕ್ಕೆ ಗುರುತು. ಬೈಹಾರ್ಟ್ ಮಾಡಿದ ವಾಕ್ಯದಲ್ಲಿ ಇಂಥ ತಪ್ಪು ಬರುವುದೇ ಇಲ್ಲ.

ಲ್ಯಾಬಿನಲ್ಲಿ ಏನಾಯಿತು

ಅದೇ ಸೆಮಿಸ್ಟರಿನ ಪ್ರಾಕ್ಟಿಕಲ್. ಪೊಟ್ಯಾಶಿಯಂ ಪರ್ಮ್ಯಾಂಗನೇಟಿನ ಟೈಟ್ರೇಶನ್, ಅಂದರೆ ಆ ನೇರಳೆ ದ್ರಾವಣವನ್ನು ಬ್ಯುರೆಟ್ ಅನ್ನುವ ಅಳತೆಯ ಕೊಳವೆಯಿಂದ ಇನ್ನೊಂದು ದ್ರಾವಣಕ್ಕೆ ಹನಿಹನಿಯಾಗಿ ಬಿಟ್ಟು ಎಷ್ಟು ಹಿಡಿಯಿತು ಅಂತ ಅಳೆಯುವುದು. ಈ ಪ್ರಯೋಗ ಮಾಡಿದವರಿಗೆ ಗೊತ್ತಿರುತ್ತದೆ, ಆಕ್ಸಾಲಿಕ್ ಆಸಿಡ್ ಆದರೆ ಬಿಸಿ ಮಾಡಲೇಬೇಕು, ಇಲ್ಲದಿದ್ದರೆ ಶುರುವಿನಲ್ಲಿ ಬಣ್ಣ ಬೇಗ ಹೋಗುವುದೇ ಇಲ್ಲ. ಮೋರ್ಸ್ ಸಾಲ್ಟ್ ಆದರೆ ಬಿಸಿ ಮಾಡಬಾರದು. ಬಿಸಿ ಮಾಡಿದರೆ ಅದರಲ್ಲಿರುವ ಕಬ್ಬಿಣ ಗಾಳಿಗೇ ಆಕ್ಸಿಡೈಸ್ ಆಗಿ ಬ್ಯುರೆಟ್ ರೀಡಿಂಗ್ ಕಡಿಮೆ ಬರುತ್ತದೆ.

ಹುಡುಗಿ ಎರಡನ್ನೂ ಬಿಸಿ ಮಾಡಿದಳು. ರೀಡಿಂಗ್ ಕಡಿಮೆ ಬಂತು. ಮೇಷ್ಟ್ರು ಹೋಗಿ ನೋಡಿದರೆ ಇನ್ನೊಂದು ವಿಚಿತ್ರ. ಮೋರ್ಸ್ ಸಾಲ್ಟಿನ ಬಾಟಲಿಯನ್ನು ತನ್ನ ಟೇಬಲ್ಲಿನಿಂದ ತೆಗೆದು ದೂರದ ಸಿಂಕಿನ ಹತ್ತಿರ ಇಟ್ಟಿದ್ದಳು. ಬೇಕಾದಾಗಲೆಲ್ಲ ನಡೆದು ಹೋಗಿ ತರುತ್ತಿದ್ದಳು. ಯಾಕಮ್ಮ ಅಂದರೆ, ‘ಇಲ್ಲಿ ಇರಬಾರದು ಅಂತ ಬರೆದಿದೆ ಸರ್.’

ಮೇಷ್ಟ್ರು ಈ ಸಲ ನಗಲಿಲ್ಲ, ಬೈಯಲೂ ಇಲ್ಲ. ಪ್ರಯೋಗದ ಸೂಚನೆಯಿದ್ದ ಹಾಳೆ ಮತ್ತು ಹುಡುಗಿ ಇಬ್ಬರನ್ನೂ ನನ್ನ ಹತ್ತಿರ ಕಳಿಸಿದರು. ಆ ದಿನ ಅವರು ಹಾಗೆ ಮಾಡದಿದ್ದರೆ ಈ ಬರಹ ಇರುತ್ತಿರಲಿಲ್ಲ.

ಹಾಳೆಯಲ್ಲಿ ಇದ್ದದ್ದು ಇಷ್ಟು: ‘ದಿ ಸೊಲ್ಯೂಷನ್ ಆಫ್ ಆಕ್ಸಾಲಿಕ್ ಆಸಿಡ್ ಮಸ್ಟ್ ಬಿ ಹೀಟೆಡ್, ವೇರ್ ಆ್ಯಸ್ ದಟ್ ಆಫ್ ಮೋರ್ಸ್ ಸಾಲ್ಟ್ ಮಸ್ಟ್ ನಾಟ್ ಬಿ.’

ಕನ್ನಡದಲ್ಲಿ ಇದನ್ನೇ ಹೇಳಿ ನೋಡಿ. ಆಕ್ಸಾಲಿಕ್ ಆಸಿಡ್ಡನ್ನು ಬಿಸಿ ಮಾಡಬೇಕು, ಆದರೆ ಮೋರ್ಸ್ ಸಾಲ್ಟನ್ನು ಬಿಸಿ ಮಾಡಬಾರದು. ಆ ‘ಆದರೆ’ಯೇ ಇಲ್ಲಿ ‘ವೇರ್ ಆ್ಯಸ್’. ‘ಮಾಡಬಾರದು’ ಅನ್ನುವುದರಲ್ಲಿ ‘ಮಾಡು’ ಬಿಟ್ಟು ‘ಬಾರದು’ ಅಂತ ಒಂದನ್ನೇ ಹೇಳಲು ನಮಗೆ ಆಗುವುದಿಲ್ಲ. ಇಂಗ್ಲಿಷಿಗೆ ಆಗುತ್ತದೆ. ಎರಡನೇ ಸಲ ‘ಹೀಟೆಡ್’ ಅನ್ನುವುದನ್ನು ನುಂಗಿಬಿಟ್ಟು ‘ಮಸ್ಟ್ ನಾಟ್ ಬಿ’ ಅಂತ ನಿಂತುಬಿಡುತ್ತದೆ. ಹುಡುಗಿಗೆ ‘ಬಿ’ ಅಂದರೆ ‘ಇರು’ ಅಂತ ಗೊತ್ತು. ‘ಮಸ್ಟ್ ನಾಟ್’ ಅಂದರೆ ‘ಬಾರದು’ ಅಂತಲೂ ಗೊತ್ತು. ಸೇರಿಸಿದಳು. ಮೋರ್ಸ್ ಸಾಲ್ಟ್ ಇರಬಾರದು. ತೆಗೆದುಕೊಂಡು ಹೋಗಿ ಸಿಂಕಿನ ಪಕ್ಕ ಇಟ್ಟಳು. ತರ್ಕದಲ್ಲಿ ತಪ್ಪೇ ಇಲ್ಲ!

‘ಮಧ್ಯದಲ್ಲಿ ವೇರ್ ಆ್ಯಸ್ ಅಂತ ಇದೆಯಲ್ಲ, ಅದೇನು?’ ಅಂದೆ.

‘ಅದನ್ನ ಓದಕ್ಕೆ ಬರುತ್ತೆ ಮೇಡಂ. ವೇರ್ ಆ್ಯಸ್ ಅಂದ್ರೆ ಏನು ಮೇಡಂ?’

ಪೆನ್ಸಿಲ್

ಅವಳ ಕೆಮಿಸ್ಟ್ರಿ ಪುಸ್ತಕ ಕೊಡು ಅಂದೆ. ಮುಜುಗರದಿಂದ ಕೊಟ್ಟಳು. ತೆರೆದರೆ ಪ್ರತಿ ಇಂಗ್ಲಿಷ್ ಪದದ ತಲೆಯ ಮೇಲೆ ಪೆನ್ಸಿಲಿನಲ್ಲಿ ಸಣ್ಣ ಕನ್ನಡ ಅಕ್ಷರ. ‘ಈಕ್ವಿಲಿಬ್ರಿಯಂ’. ‘ಸಬ್‌ಸ್ಟಿಟ್ಯೂಷನ್’. ‘ದೇರ್‌ಫೋರ್’. ‘ವೇರ್ ಆ್ಯಸ್’. ಪುಟದ ಮೇಲೆ ಪುಟ, ಇರುವೆ ಸಾಲಿನ ಹಾಗೆ. ಅಳಿಸಿ ಮತ್ತೆ ಬರೆದ ಕಡೆ ಕಾಗದ ತೆಳ್ಳಗಾಗಿತ್ತು.

ನಾನು ಮೊದಲು ಅರ್ಥ ಬರೆದುಕೊಂಡಿದ್ದಾಳೆ ಅಂದುಕೊಂಡೆ. ಎರಡು ಪುಟ ತಿರುಗಿಸಿದ ಮೇಲೆ ಹೊಳೆಯಿತು. ಒಂದೇ ಒಂದು ಅರ್ಥ ಇರಲಿಲ್ಲ. ಅಷ್ಟೂ ಉಚ್ಚಾರಣೆ. ಕನ್ನಡದಲ್ಲಿ ಬರೆದಂತೆ ಓದುತ್ತೇವೆ, ಓದಿದಂತೆ ಬರೆಯುತ್ತೇವೆ. ಇಂಗ್ಲಿಷಿನಲ್ಲಿ ಹಾಗಲ್ಲ. ಆ ಗೋಜಲು ದಾಟಲು ಅವಳು ತನ್ನ ಶ್ರಮವನ್ನೆಲ್ಲ ಹಾಕಿದ್ದಳು. ಜೋರಾಗಿ ಓದಿಸಿದರೆ ನಿರರ್ಗಳ. ಕ್ಲಾಸಿನಲ್ಲಿ ನಾನೇ ಎಷ್ಟೋ ಸಲ ಓದಿಸಿ ‘ವೆರಿ ಗುಡ್’ ಅಂದಿದ್ದೆ.

ಅವತ್ತು ಒಂದು ಪುಟ ತೆಗೆದು, ಗೊತ್ತಿಲ್ಲದ ಪದಗಳಿಗೆಲ್ಲ ಗೆರೆ ಎಳೆ ಅಂದೆ. ನಾನು ನಿರೀಕ್ಷಿಸಿದ್ದು ದೊಡ್ಡ ದೊಡ್ಡ ಪದಗಳನ್ನು. ಅವಳು ಗೆರೆ ಎಳೆದದ್ದು ಇವಕ್ಕೆ: ಅನ್‌ಲೆಸ್, ಹೆನ್ಸ್, ಅದರ್‌ವೈಸ್, ರೆಸ್ಪೆಕ್ಟಿವ್ಲಿ, ದಿ ಲ್ಯಾಟರ್, ಪ್ರೊವೈಡೆಡ್ ದಟ್, ಹಾರ್ಡ್ಲಿ. ಈಕ್ವಿಲಿಬ್ರಿಯಂ ಅಂದರೆ ಏನು ಅಂತ ಕನ್ನಡದಲ್ಲಿ ಕೇಳಿದೆ. ತಕ್ಕಡಿಯ ಉದಾಹರಣೆ ಕೊಟ್ಟು, ಅದು ಸುಮ್ಮನೆ ನಿಂತ ತಕ್ಕಡಿ ಅಲ್ಲ, ಎರಡೂ ಕಡೆಯಿಂದ ಸಮನಾಗಿ ನಡೆಯುತ್ತಿರುವ ವ್ಯವಹಾರ ಅಂತ ವಿವರಿಸಿದಳು. ನನಗೇ ಅಷ್ಟು ಚೆನ್ನಾಗಿ ಗೊತ್ತಿರಲಿಲ್ಲ.

ಈ ಪ್ರಕರಣದ ಹೃದಯ ಇದೇ ಅಂತ ನನ್ನ ಅನಿಸಿಕೆ. ವಿಜ್ಞಾನದ ದೊಡ್ಡ ಪದಗಳನ್ನು ಯಾರಾದರೂ ಕಲಿಸುತ್ತಾರೆ. ಬೋರ್ಡಿನ ಮೇಲೆ ಬರೆಯುತ್ತಾರೆ, ವ್ಯಾಖ್ಯೆ ಕೊಡುತ್ತಾರೆ, ವೈವಾದಲ್ಲಿ ಕೇಳುತ್ತಾರೆ. ವಾಕ್ಯಕ್ಕೆ ಮೊಳೆ ಹೊಡೆಯುವ ಸಣ್ಣ ಪದಗಳು ಯಾರ ಜವಾಬ್ದಾರಿಯೂ ಅಲ್ಲ. ಕೆಮಿಸ್ಟ್ರಿಯವರು ಇದು ಇಂಗ್ಲಿಷ್ ಅನ್ನುತ್ತಾರೆ. ಇಂಗ್ಲಿಷಿನವರು ಇದು ಶಾಲೆಯಲ್ಲೇ ಆಗಿರುತ್ತದೆ ಅನ್ನುತ್ತಾರೆ. ಕಾಲೇಜು ಓದಿಗೆ ಬೇಕಾದ ಇಂಗ್ಲಿಷ್ ಪದಗಳ ಪಟ್ಟಿಯೊಂದನ್ನು ಭಾಷಾತಜ್ಞೆ ಆವರಿಲ್ ಕಾಕ್ಸ್‌ಹೆಡ್ 2000ದಲ್ಲಿ ಮಾಡಿದರು, 570 ಪದಕುಟುಂಬಗಳದ್ದು (ಒಂದೇ ಮೂಲಪದದಿಂದ ಬೆಳೆದ ಪದಗಳ ಗುಂಪು ಒಂದು ಕುಟುಂಬ). ವೇರ್ ಆ್ಯಸ್, ಹೆನ್ಸ್ ಎರಡೂ ಅದರಲ್ಲಿವೆ. ಆ ಪಟ್ಟಿ ನನ್ನ ಬೀರುವಿನಲ್ಲೇ ಇತ್ತು. ಎಂ.ಎ.ಯಲ್ಲಿ ಅದರ ಮೇಲೆ ಅಸೈನ್‌ಮೆಂಟ್ ಕೂಡ ಬರೆದಿದ್ದೆ!

ದಾರಿ ಬದಲಿಸಿದ್ದು

ಅವಳ ಬಸ್ಸು 5.10ಕ್ಕೆ. ಕ್ಲಾಸು ಮುಗಿಯುವುದು ನಾಲ್ಕೂವರೆಗೆ. ದಿನಕ್ಕೆ ಇಪ್ಪತ್ತು ನಿಮಿಷ ಸಿಗುತ್ತಿತ್ತು. ಗ್ರಾಮರ್ ಪುಸ್ತಕ ಮುಚ್ಚಿಟ್ಟೆವು. ಅವಳದೇ ಕೆಮಿಸ್ಟ್ರಿ ಪುಸ್ತಕ, ದಿನಕ್ಕೆ ಒಂದೇ ಪುಟ.

ಮೊದಲ ನಿಯಮ, ಪೆನ್ಸಿಲಿನಲ್ಲಿ ಉಚ್ಚಾರಣೆ ಬರೆಯಬಾರದು. ಬರೆಯಲೇಬೇಕಾದರೆ ಅರ್ಥ ಬರೆಯಬೇಕು, ಅದೂ ಸಣ್ಣ ಪದಗಳಿಗೆ ಮಾತ್ರ. ಈ ನಿಯಮಕ್ಕೆ ಒಗ್ಗಿಕೊಳ್ಳಲು ಅವಳಿಗೆ ತುಂಬಾ ಕಷ್ಟವಾಯಿತು. ಕೈಯಲ್ಲಿದ್ದ ಊರುಗೋಲು ಕಿತ್ತುಕೊಂಡ ಹಾಗೆ. ಎರಡು ವಾರ ಅವಳ ಜೋರು ಓದು ತೊದಲತೊಡಗಿತು. ನಾನು ತಪ್ಪು ಮಾಡುತ್ತಿದ್ದೇನೋ ಏನೋ ಅನಿಸಿ ಹಿಂದಕ್ಕೆ ಹೋಗಲು ಮನಸ್ಸಾಗಿತ್ತು.

ಎರಡನೆಯದು, ಕ್ರಿಯಾಪದ ಹುಡುಕುವುದು. ಕನ್ನಡ ವಾಕ್ಯದ ಕೀಲಿಕೈ ಕೊನೆಯಲ್ಲಿರುತ್ತದೆ. ನಾವು ಕೊನೆಯವರೆಗೆ ಕಾಯುತ್ತೇವೆ, ಅಲ್ಲಿ ಬೀಗ ತೆಗೆಯುತ್ತದೆ. ಇವಳು ಇಂಗ್ಲಿಷನ್ನೂ ಹಾಗೇ ಓದುತ್ತಿದ್ದಳು. ವಾಕ್ಯದ ಕೊನೆಯ ಮೂರು ನಾಲ್ಕು ಪದಗಳ ಮೇಲೆ ಜಾಸ್ತಿ ಗಮನ, ಮಧ್ಯದ್ದು ಮಸುಕು. ಇಂಗ್ಲಿಷಿನಲ್ಲಿ ಕ್ರಿಯಾಪದ ಮುಂದೆಯೇ ಬಂದು ಹೋಗಿರುತ್ತದೆ. ಕೊನೆಯಲ್ಲಿ ಇರುವುದು ಬರೀ ಬಾಲ. ‘ನಿನ್ನೆ ಲ್ಯಾಬಿನಲ್ಲಿ ಒಡೆದ ಬೀಕರ್’ ಅಂತ ನಾವು ಎಲ್ಲ ವಿವರ ಮೊದಲು ಹೇಳಿ ಆಮೇಲೆ ಬೀಕರಿಗೆ ಬರುತ್ತೇವೆ. ಇಂಗ್ಲಿಷ್ ಬೀಕರನ್ನು ಮೊದಲು ಇಟ್ಟು, ‘ದಟ್’ ಅಂತ ಕೊಂಡಿ ಹಾಕಿ, ವಿವರ ಆಮೇಲೆ ಎಳೆಯುತ್ತದೆ. ಇದನ್ನು ಬೋರ್ಡಿನ ಮೇಲೆ ಎರಡೂ ಭಾಷೆಯಲ್ಲಿ ಬರೆದು ತೋರಿಸಿದ ದಿನ ಹುಡುಗಿ, ‘ಇದು ರೈಲನ್ನ ಹಿಂದು ಮುಂದಾಗಿ ಕಟ್ಟಿದ ಹಾಗೆ ಅಲ್ವಾ ಮೇಡಂ’ ಅಂದಳು. ಆಮೇಲೆ ಪ್ರತಿ ವಾಕ್ಯದಲ್ಲಿ ಎಂಜಿನ್ ಹುಡುಕಿ ಸುತ್ತು ಹಾಕುವುದು ಅವಳ ಆಟವೇ ಆಯಿತು.

ಮೂರನೆಯದು ಪ್ರಶ್ನೆ ಪತ್ರಿಕೆಗಳು. ಹಳೆಯವನ್ನೆಲ್ಲ ತಂದು, ಉತ್ತರ ಬಿಟ್ಟು ಪ್ರಶ್ನೆಯನ್ನಷ್ಟೇ ಓದಿದೆವು. ‘ಅಕೌಂಟ್ ಫಾರ್’ ಅಂತ ಇದ್ದರೆ ಲೆಕ್ಕ ಮಾಡಬೇಕು ಅಂದುಕೊಂಡಿದ್ದಳು. ಕಾರಣ ಕೊಡಿ ಅಂತ ಅದರ ಅರ್ಥ. ‘ಜಸ್ಟಿಫೈ’, ‘ಡಿಸ್ಟಿಂಗ್ವಿಶ್’, ‘ಲಿಮಿಟೇಶನ್ಸ್’ ಹೀಗೆ ಇಪ್ಪತ್ತೈದು ಪದ ಕೂಡ ಆಗಲಿಲ್ಲ. ಇಷ್ಟೇನಾ ಅನಿಸಿತು. ಅಷ್ಟೇ.

ಕನ್ನಡ ಬಳಸಬಹುದಾ ಅನ್ನುವ ಪ್ರಶ್ನೆ ನನ್ನ ಸಹೋದ್ಯೋಗಿಗಳಿಂದ ಬಂತು. ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಕಲಿಸಬೇಕು ಅನ್ನುವುದು ನಮ್ಮಲ್ಲಿ ಹೆಚ್ಚು ಕಡಿಮೆ ದೇವರ ವಾಕ್ಯ. ನಾನು ಕನ್ನಡ ಬಿಡಲಿಲ್ಲ. ಮೊದಲು ಪುಟದ ಸಾರ ಕನ್ನಡದಲ್ಲಿ ಹೇಳಬೇಕು, ಅರ್ಥವಾಗಿದೆ ಅಂತ ಖಾತ್ರಿ ಆಗಬೇಕು, ಆಮೇಲೆ ಇಂಗ್ಲಿಷಿನಲ್ಲಿ ಎರಡು ವಾಕ್ಯ. ಆ ಎರಡು ವಾಕ್ಯದಲ್ಲಿ ಏನೇ ತಪ್ಪಿದ್ದರೂ ನಾನು ಬಾಯಿ ಹಾಕುವುದಿಲ್ಲ ಅಂತ ಒಪ್ಪಂದ. ‘ಈಸ್ ಟೇಕ್ಸ್’ ಬಂದಾಗಲೆಲ್ಲ ನಾಲಿಗೆ ಕಚ್ಚಿಕೊಂಡು ಕೂರುತ್ತಿದ್ದೆ.

ಒಂದು ಪ್ರಯೋಗ ಮಾತ್ರ ಕ್ಲಾಸಿನ ಹನ್ನೊಂದು ಮಕ್ಕಳ ಜೊತೆ ಮಾಡಿದೆ. ಅದರ ಬೇರು ಬೆಂಗಳೂರಿನಲ್ಲೇ ಇದೆ. 1979ರಿಂದ 1984ರವರೆಗೆ ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು ಅವರು ಬೆಂಗಳೂರೂ ಸೇರಿ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಒಂದು ಪ್ರಯತ್ನ ನಡೆಸಿದರು. ವ್ಯಾಕರಣ ಪಾಠ ಬಿಟ್ಟು, ರೈಲಿನ ವೇಳಾಪಟ್ಟಿ, ನಕ್ಷೆ ಇಂಥವನ್ನು ಕೊಟ್ಟು, ಯೋಚಿಸಿ ಉತ್ತರ ಹುಡುಕುವ ಕೆಲಸ ಹಚ್ಚಿದರು. ಗಮನ ಅರ್ಥದ ಮೇಲೆ, ಭಾಷೆ ಅದರ ಜೊತೆಗೆ ಬರಲಿ ಅಂತ. ಜಗತ್ತಿನ ಭಾಷಾ ಬೋಧನೆಯವರೆಲ್ಲ ಇದನ್ನು ‘ಬ್ಯಾಂಗಲೋರ್ ಪ್ರಾಜೆಕ್ಟ್’ ಅಂತಲೇ ಕರೆಯುತ್ತಾರೆ. ನಮ್ಮ ಕಾಲೇಜುಗಳಲ್ಲಿ ಅದರ ಹೆಸರು ಕೇಳಿದವರು ಕಡಿಮೆ.

ನಾನು ವೇಳಾಪಟ್ಟಿಯ ಬದಲು ವಿದ್ಯಾರ್ಥಿವೇತನದ ಒಂದು ಇಂಗ್ಲಿಷ್ ಸೂಚನೆ ಕೊಟ್ಟೆ. ಜೊತೆಗೆ ಐದು ಕಾಲ್ಪನಿಕ ವಿದ್ಯಾರ್ಥಿಗಳ ವಿವರ. ಇವರಲ್ಲಿ ಯಾರಿಗೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ, ಯಾಕೆ? ಅಂಥ ಸೂಚನೆಗಳಲ್ಲಿ ಅನ್‌ಲೆಸ್, ಪ್ರೊವೈಡೆಡ್ ದಟ್, ನಾಟ್ ಎಕ್ಸೀಡಿಂಗ್, ವಿಚೆವರ್ ಈಸ್ ಅರ್ಲಿಯರ್ ತುಂಬಿ ತುಳುಕುತ್ತವೆ. ಮಕ್ಕಳು ಕನ್ನಡದಲ್ಲಿ ಜಗಳಕ್ಕೇ ಬಿದ್ದರು. ‘ಅನ್‌ಲೆಸ್ ಅಂದ್ರೆ ಇಲ್ಲದಿದ್ರೆ ಕಣೋ, ಅವನಿಗೆ ಬರಲ್ಲ’ ಅಂತ ಹಿಂದಿನ ಬೆಂಚಿನವನೊಬ್ಬನಿಗೆ ಹುಡುಗಿ ಗದರಿದ್ದು ಕೇಳಿಸಿತು. ಸೆಮಿನಾರಿನಲ್ಲಿ ನಕ್ಕದ್ದು ಅವನೇ ಇರಬೇಕು ಅಂತ ನನ್ನ ಗುಮಾನಿ.

ಇದರ ಜೊತೆಗೆ ‘ಇಂಗ್ಲಿಷ್ ಓನ್ಲಿ’ ಅಂತ ಒಂದು ವಾಟ್ಸ್ಯಾಪ್ ಗುಂಪನ್ನೂ ಮಾಡಿದ್ದೆ. ನಾಲ್ಕು ದಿನ ಗುಡ್ ಮಾರ್ನಿಂಗ್ ಬಂತು, ಐದನೇ ದಿನ ಅದೂ ಬರಲಿಲ್ಲ.

ಏನಾಯಿತು

ನಾಲ್ಕನೇ ಸೆಮಿಸ್ಟರಿನಲ್ಲಿ ಬ್ಯಾಕ್ ಉಳಿದಿದ್ದ ಕೆಮಿಸ್ಟ್ರಿ ಪಾಸಾಯಿತು. ಫಿಜಿಕ್ಸಿಗೆ ಇನ್ನೂ ಎರಡು ಸಲ ಕೂರಬೇಕಾಯಿತು, ಅದರಲ್ಲಿ ಗಣಿತದ ಪಾಲೂ ಇತ್ತು. ಎಲ್ಲವನ್ನೂ ಇಂಗ್ಲಿಷಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಒಟ್ಟಾರೆ ಸೆಕೆಂಡ್ ಕ್ಲಾಸಿನಲ್ಲಿ ಡಿಗ್ರಿ ಮುಗಿಯಿತು.

ಆದರೆ ನಾನು ನಿರೀಕ್ಷಿಸದ ಒಂದು ಸಂಗತಿ ನಡೆಯಿತು. ಅವಳ ಇಂಗ್ಲಿಷ್ ಅಂಕ ಇಳಿಯಿತು. 71 ಇದ್ದದ್ದು 54ಕ್ಕೆ ಬಂತು. ಯಾಕೆ ಅಂದರೆ, ಆ ಸೆಮಿಸ್ಟರಿನಲ್ಲಿ ಅವಳು ಗೈಡ್ ಮುಟ್ಟಲಿಲ್ಲ. ಪಾಠ ಓದಿ ತನಗೆ ಅರ್ಥವಾದದ್ದನ್ನು ತನ್ನ ವಾಕ್ಯದಲ್ಲಿ ಬರೆದಿದ್ದಳು. ತಪ್ಪುಗಳಿದ್ದವು. ಎಲ್ಲೋ ಕೂತು ತಿದ್ದಿದವರಿಗೆ ಕಂಡದ್ದು ತಪ್ಪುಗಳು ಮಾತ್ರ. ನಾನು ತಿದ್ದಿದ್ದರೂ ಅಷ್ಟೇ ಕೊಡುತ್ತಿದ್ದೆನೇನೋ, ಆ ಪರೀಕ್ಷೆ ಇರುವುದೇ ಹಾಗೆ.

ಇಲ್ಲಿ ನಾನೊಂದು ತೀರ್ಮಾನ ಮಾಡಬೇಕಾಗಿತ್ತು. ಸ್ವಂತ ವಾಕ್ಯ ಮುಂದುವರಿಸು ಅನ್ನಬೇಕಾ, ಅಂಕ ಮುಖ್ಯ, ಗೈಡ್ ಹಿಡಿ ಅನ್ನಬೇಕಾ? ಮುಂದೆ ಎಲ್ಲಾದರೂ ಅರ್ಜಿ ಹಾಕುವಾಗ ಆ ಅಂಕವನ್ನೇ ನೋಡುತ್ತಾರೆ. ಕೊನೆಗೆ ಹೇಳಿದ್ದು ಇದು: ಎರಡು ಪ್ರಬಂಧ, ಒಂದು ಪತ್ರ ಬೈಹಾರ್ಟ್ ಮಾಡು, ಉಳಿದದ್ದು ನಿನ್ನದೇ ಬರೆ. ಆದರ್ಶವಾದಿಗಳು ಬೈಯಬಹುದು. ಮುಂದಿನ ಸಲ 63 ಬಂತು.

ಮಾತಿನ ವಿಷಯದಲ್ಲಿ ನಾನು ಗೆದ್ದೆ ಅಂತ ಹೇಳಲಾರೆ. ಕೊನೆಯ ವರ್ಷ ಒಂದು ಔಷಧಿ ಕಂಪನಿಯ ಇಂಟರ್‌ವ್ಯೂಗೆ ಹೋಗಿದ್ದಳು, ಲ್ಯಾಬಿನ ಕೆಲಸಕ್ಕೆ. ಅವರು ಮೊದಲು ಕೇಳಿದ್ದೇ ನಿನ್ನ ಬಗ್ಗೆ ಹೇಳು ಅಂತ. ಸ್ಪೋಕನ್ ಇಂಗ್ಲಿಷ್ ಕೇಂದ್ರದ ಎರಡು ನಿಮಿಷ ಹೊರಗೆ ಬಂತು. ಅಷ್ಟು ಚೆನ್ನಾಗಿ ಮಾತಾಡುತ್ತಾಳೆ ಅಂದುಕೊಂಡು ಅವರು ಸರಾಗವಾಗಿ, ವೇಗವಾಗಿ ಮುಂದಿನ ಪ್ರಶ್ನೆ ಕೇಳಿದರು. ಒಂದು ಪದವೂ ಹಿಡಿಯಲಿಲ್ಲ. ‘ಸ್ಲೋ ಆಗಿ ಹೇಳಿ’ ಅನ್ನುವುದನ್ನೂ ನಾವು ಕಲಿಸಿರಲಿಲ್ಲ. ಬೈಹಾರ್ಟ್ ಮಾಡಿದ ಇಂಗ್ಲಿಷಿನ ಅಪಾಯ ಇದು, ಎದುರಿನವರಿಗೆ ನಮ್ಮ ಬಗ್ಗೆ ತಪ್ಪು ಲೆಕ್ಕ ಕೊಡುತ್ತದೆ. ಓದಿನಲ್ಲಿ ನಾನು ಕಳೆದ ಆ ಇಪ್ಪತ್ತು ನಿಮಿಷಗಳಲ್ಲಿ ಐದನ್ನಾದರೂ ಕೇಳಿಸಿಕೊಳ್ಳುವುದಕ್ಕೆ ಇಡಬೇಕಿತ್ತು. ಈಗಿನ ಬ್ಯಾಚಿಗೆ ಇಡುತ್ತಿದ್ದೇನೆ.

ಇನ್ನೂ ಒಂದೆರಡು ಬದಲಾಗಿವೆ. ಮೊದಲ ಸೆಮಿಸ್ಟರಿನ ಮೊದಲ ವಾರ ನಾನು ಮಕ್ಕಳಿಂದ ಏನನ್ನೂ ಜೋರಾಗಿ ಓದಿಸುವುದಿಲ್ಲ. ಅವರ ವಿಜ್ಞಾನದ ಅಥವಾ ಕಾಮರ್ಸಿನ ಪುಸ್ತಕದ ಒಂದು ಪುಟ ತರಲು ಹೇಳಿ, ಗೊತ್ತಿಲ್ಲದ ಪದಕ್ಕೆ ಗೆರೆ ಎಳೆಸುತ್ತೇನೆ. ಆ ಗೆರೆಗಳಿಂದ ನನಗೆ ತಿಳಿಯುವಷ್ಟು ಅವರ ಅಂಕಪಟ್ಟಿಯಿಂದ ತಿಳಿಯುವುದಿಲ್ಲ. ಕೆಮಿಸ್ಟ್ರಿ ಮೇಷ್ಟ್ರು ಈಗ ಲ್ಯಾಬ್ ಹಾಳೆಗಳನ್ನು ಅಚ್ಚು ಹಾಕಿಸುವ ಮುಂಚೆ ನನಗೆ ತೋರಿಸುತ್ತಾರೆ. ಆ ‘ಮಸ್ಟ್ ನಾಟ್ ಬಿ’ ವಾಕ್ಯ ಈಗ ಎರಡು ವಾಕ್ಯವಾಗಿದೆ.

ಹುಡುಗಿ ಕಳೆದ ತಿಂಗಳು ಕಾಲೇಜಿಗೆ ಬಂದಿದ್ದಳು. ಕೈಯಲ್ಲಿ ಒಂದು ನೇಮಕಾತಿ ಸೂಚನೆ, ಹನ್ನೊಂದು ಪುಟ, ಪೂರ್ತಿ ಇಂಗ್ಲಿಷ್. ಪೆನ್ಸಿಲ್ ಗುರುತು ಅಲ್ಲಲ್ಲಿ ಇತ್ತು, ಎಲ್ಲ ಸುತ್ತುಗಳು. ಎಂಟನೇ ಪುಟ ತೆಗೆದು ನನ್ನ ಮುಂದೆ ಇಟ್ಟಳು.

‘ಮೇಡಂ, ಇಲ್ಲಿ ಕ್ಯಾಂಡಿಡೇಟ್ಸ್ ಮೇ ಬಿ ಕಾಲ್ಡ್ ಅಂತ ಇದೆ. ಮೇಲಿನ ಪ್ಯಾರಾದಲ್ಲಿ ಎಲ್ಲ ಶಲ್ ಇದೆ, ಇಲ್ಲಿ ಮಾತ್ರ ಮೇ. ಅಂದ್ರೆ ಇವರು ಕರೀಲೇಬೇಕು ಅಂತೇನಿಲ್ಲ ಅಲ್ವಾ?’

ಕನ್ನಡಕ ಹಾಕಿಕೊಂಡು ಓದಿದೆ. ನಿಜ, ಅಲ್ಲಿ ಮಾತ್ರ ಮೇ ಇತ್ತು.

‘ಹಾಗಾದ್ರೆ ಅರ್ಜಿ ಫೀಸು ದಂಡ ಆದ್ರೂ ಆಗಬಹುದು’ ಅಂದಳು. ಸ್ವಲ್ಪ ಹೊತ್ತು ಯೋಚಿಸಿ, ಇರಲಿ, ಹಾಕ್ತೀನಿ ಅಂತ ಹೇಳಿ ಬಸ್ಸಿಗೆ ಹೊರಟಳು.